ಗಿಟಾರಿನ ನೆಕ್ ಕೆರೆಯಬೇಕಾ, ಬೇಡವಾ?

ನೆಕ್ ಅಂದರೆ ಗಿಟಾರಿನ ಉದ್ದನೆಯ ಹಿಡಿ, ಬೆರಳು ಓಡಾಡುವ ಜಾಗ. ಈ ತಲೆನೋವು ಶುರುವಾಗಿದ್ದು ಮೈಸೂರಿನ ದೊಡ್ಡಮ್ಮನಿಂದ. ಅವರು ವೀಣೆ ನುಡಿಸುತ್ತಾರೆ. ದಸರಾ ರಜೆಗೆ ಹೋದಾಗ ನನ್ನ ಗಿಟಾರನ್ನು ತೊಡೆ ಮೇಲೆ ಇಟ್ಟುಕೊಂಡು, ವೀಣೆಯಲ್ಲಿ ಎಳೆಯುವ ಹಾಗೆ ಮೊದಲ ತಂತಿಯನ್ನು ಎಳೆದರು. ಎರಡೇ ಸಲ. ಆಮೇಲೆ ಬೆರಳು ನೋಡಿಕೊಂಡು, "ಏನೋ ಇದು, ಮರಕ್ಕೆ ಉಜ್ಜುತ್ತಲ್ಲೋ. ಇದರಲ್ಲಿ ತೋಡಿ ರಾಗ ಹೇಗೋ ನುಡಿಸ್ತೀಯ?" ಅಂದರು.

ಅವರು ಹೇಳಿದ್ದು ಸರಿ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುತ್ತವೆ. ತಂತಿ ಎಷ್ಟು ಎಳೆದರೂ ಬೆರಳಿನ ಕೆಳಗೆ ಬರೀ ಗಾಳಿ. ಗಿಟಾರಿನ ಮೆಟ್ಟಿಲು ಅಂದರೆ ಫ್ರೆಟ್, ಅದರ ಎತ್ತರ ಸುಮಾರು ಒಂದು ಮಿಲಿಮೀಟರ್. ಒತ್ತಿದ ಕೂಡಲೇ ಬೆರಳು ಮರಕ್ಕೆ ತಾಗುತ್ತದೆ. ಸಿನಿಮಾ ಹಾಡಿಗೆ ಇದರಿಂದ ಏನೂ ತೊಂದರೆ ಇಲ್ಲ. ಸ್ವರವನ್ನು ಆಡಿಸುವ ಗಮಕಕ್ಕೆ ಇದೆ.

ಇದಕ್ಕೆ ಮದ್ದು ಹಳೆಯದೇ. ಎರಡು ಫ್ರೆಟ್‌ಗಳ ನಡುವಿನ ಮರವನ್ನು ದೋಣಿ ಹೊಟ್ಟೆಯ ಹಾಗೆ ಕೆರೆದು ತೆಗೆಯುವುದು. ಇದಕ್ಕೆ ಸ್ಕ್ಯಾಲಪ್ ಅಂತಾರೆ. ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ಶಕ್ತಿ ತಂಡದಲ್ಲಿ ನುಡಿಸುತ್ತಿದ್ದ ಅಕೌಸ್ಟಿಕ್ ಗಿಟಾರ್ ಹೀಗೇ ಇತ್ತು. ರಾಕ್ ಕಡೆ ರಿಚೀ ಬ್ಲ್ಯಾಕ್‌ಮೋರ್, ಇಂಗ್ವೇ ಮಾಲ್ಮ್‌ಸ್ಟೀನ್ ಇದ್ದಾರೆ. ಮಾಲ್ಮ್‌ಸ್ಟೀನ್ ಹೆಸರಿನ ಸ್ಕ್ಯಾಲಪ್ ಗಿಟಾರನ್ನು ಫೆಂಡರ್ ಕಂಪನಿ 1988ರಲ್ಲೇ ಮಾರುಕಟ್ಟೆಗೆ ತಂದಿತು.

ಆದರೆ ಅವರೆಲ್ಲ ಅವರವರ ಗಿಟಾರಿನ ಮರ ಕೆರೆಸಿಕೊಂಡರು. ಇದು ನನ್ನದು. 2011ರಲ್ಲಿ ಮೊದಲ ಕೆಲಸದ ಸಂಬಳ ಕೂಡಿಟ್ಟು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಮೆಕ್ಸಿಕೋ ಸ್ಟ್ರಾಟ್, ಅಂದರೆ ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್ ಎಲೆಕ್ಟ್ರಿಕ್ ಗಿಟಾರ್. 21 ಫ್ರೆಟ್, ಫ್ರೆಟ್ ಕೂರುವ ಬೋರ್ಡ್ ಬೀಟೆ ಮರದ್ದು. ನೆಕ್ಕಿನ ಹಿಂದೆ ಹೆಬ್ಬೆರಳು ಕೂರುವ ಜಾಗದಲ್ಲಿ ಪಾಲಿಶ್ ಸವೆದು ನುಣ್ಣಗಾಗಿದೆ. ಕಣ್ಣು ಮುಚ್ಚಿ ಹಿಡಿದರೂ ಇದೇ ಅಂತ ಗೊತ್ತಾಗುತ್ತದೆ. ವೀಣೆಯಲ್ಲಾದರೆ ಮೆಟ್ಟಿಲು ಅಲುಗಾಡಿದರೆ ಮೇಣ ಕರಗಿಸಿ ಮತ್ತೆ ಮೇಳ ಕಟ್ಟಿಸಬಹುದು, ಅಂದರೆ ಮೆಟ್ಟಿಲು ಹೊಸದಾಗಿ ಕೂರಿಸಬಹುದು. ಕೆರೆದ ಬೀಟೆ ಮರ ಮತ್ತೆ ಬೆಳೆಯುವುದಿಲ್ಲ.

ರಿಪೇರಿ ಅಂಗಡಿಯೊಂದರಲ್ಲಿ ಕೇಳಿದೆ. "ಬಿಟ್ಟು ಹೋಗಿ ಸರ್, ಸಂಜೆ ಒಳಗೆ ಕೆರೆದು ಕೊಡ್ತೀನಿ" ಅಂದರು. ಅಷ್ಟು ಸಲೀಸಾಗಿ ಹೇಳಿದ್ದೇ ನನಗೆ ಭಯ ಹುಟ್ಟಿಸಿತು. ಗಿಟಾರ್ ವಾಪಸ್ ಮನೆಗೆ ತಂದೆ. ಮೊದಲು ಬೇರೆ ದಾರಿಗಳನ್ನೆಲ್ಲ ನೋಡಿಬಿಡೋಣ ಅಂತ ಏಳೆಂಟು ತಿಂಗಳು ಒದ್ದಾಡಿದೆ. ಎಲ್ಲದಕ್ಕೂ ಪರೀಕ್ಷೆ ಒಂದೇ: ಮೊದಲ ತಂತಿಯನ್ನು ಮಾಮೂಲಿ ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸಿ, ಅದನ್ನೇ ಷಡ್ಜ ಮಾಡಿಕೊಂಡು, 13ನೇ ಫ್ರೆಟ್‌ನ ರಿಷಭದಿಂದ ಮಧ್ಯಮದವರೆಗೆ ಎಳೆಯುವುದು. ಅಂದರೆ ನಾಲ್ಕು ಫ್ರೆಟ್‌ನಷ್ಟು ಮೇಲೆ. ತೋಡಿಯ ಗಾಂಧಾರ ಆಡುವುದೇ ಈ ಜಾಗದಲ್ಲಿ.

ಮೊದಲು ತಂತಿ ಬದಲಾಯಿಸಿದೆ. ನಾನು ಹಾಕುತ್ತಿದ್ದದ್ದು 10ರ ಸೆಟ್, ಅಂದರೆ ಮೊದಲ ತಂತಿ 0.010 ಇಂಚು. ಅದನ್ನು ಇ ಸ್ವರಕ್ಕೆ ಬಿಗಿದರೆ ಸುಮಾರು 7.3 ಕೆ.ಜಿ. ಎಳೆತ ಇರುತ್ತದೆ. 9ರದ್ದಕ್ಕೆ 6 ಕೆ.ಜಿ., 8ರದ್ದಕ್ಕೆ 4.7. ಹಾಗಾದರೆ 8 ಹಾಕಿದರೆ ಮುಗಿಯಿತಲ್ಲ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಶ್ರುತಿ ಅದೇ ಇಟ್ಟು ತೆಳು ತಂತಿ ಹಾಕಿದರೆ ಹಾಕಬೇಕಾದ ಬಲ ಕಮ್ಮಿಯಾಗುತ್ತದೆ ಅಷ್ಟೆ, ಎಳೆಯಬೇಕಾದ ದೂರ ಅಷ್ಟೇ ಇರುತ್ತದೆ. ದೂರ ಕಮ್ಮಿಯಾಗುವುದು ಶ್ರುತಿ ಇಳಿಸಿದಾಗ. 9ರ ತಂತಿಯನ್ನು ಡಿಗೆ ಇಳಿಸಿದರೆ ಎಳೆತ 4.7 ಕೆ.ಜಿ.ಗೇ ಬರುತ್ತದೆ, ಮಧ್ಯಮವೂ ಬೇಗ ಸಿಗುತ್ತದೆ. 8ನ್ನು ಡಿಗೆ ಇಳಿಸಿದಾಗ ಮಾತ್ರ ನಾದವೇ ಬಡಕಲಾಯಿತು, ಮೀಟಿದರೆ ಸೊಳ್ಳೆ ಹಾಡಿದ ಹಾಗೆ. 9ಕ್ಕೆ ನಿಂತೆ. ಆರುನೂರು ಚಿಲ್ಲರೆ ರೂಪಾಯಿ ಖರ್ಚಿಗೆ ಇಷ್ಟು ಸುಖ ಸಿಗುತ್ತದೆ ಅಂತ ಗೊತ್ತಿದ್ದರೆ ಹತ್ತು ವರ್ಷದ ಹಿಂದೆಯೇ ಮಾಡುತ್ತಿದ್ದೆ. ಆದರೂ ಬೆರಳು ಮರಕ್ಕೆ ಉಜ್ಜುವುದು ನಿಲ್ಲಲಿಲ್ಲ.

ಎರಡನೆಯದು ಜಂಬೋ ಫ್ರೆಟ್, ಅಂದರೆ ಎತ್ತರದ, ದಪ್ಪ ಫ್ರೆಟ್. ಇದನ್ನು ನನ್ನ ಗಿಟಾರಿಗೆ ಹಾಕಿಸಲಿಲ್ಲ. ಗೆಳೆಯನ ಗಿಟಾರಿನಲ್ಲಿ ಇತ್ತು, ಮೂರು ವಾರ ಎರವಲು ತಂದೆ. ಎತ್ತರ ಒಂದೂವರೆ ಮಿಲಿಮೀಟರ್ ಹತ್ತಿರ. ನನ್ನದಕ್ಕಿಂತ ಅರ್ಧ ಮಿಲಿಮೀಟರ್ ಜಾಸ್ತಿ, ಆದರೆ ಬೆರಳಿಗೆ ಅದು ದೊಡ್ಡ ವ್ಯತ್ಯಾಸ. ಮರ ತಾಗುತ್ತದೆ, ಆದರೆ ಸುಮ್ನೆ ಸವರಿದ ಹಾಗೆ. ಮಧ್ಯಮದವರೆಗೆ ಹೋಗಿ ನಿಲ್ಲಬಹುದು, ನಿಂತು ಸ್ವಲ್ಪ ಅಲುಗಿಸಬಹುದು. ಕಾರ್ಡ್, ಅಂದರೆ ಹಲವು ತಂತಿ ಒಟ್ಟಿಗೆ, ಹಿಡಿದರೂ ಅಪಸ್ವರ ಬರುವುದಿಲ್ಲ.

ಮೂರನೆಯದೇ ನಿಜವಾದ ಪ್ರಯೋಗ. ಸ್ಟ್ರಾಟ್‌ನ ನೆಕ್ ನಾಲ್ಕು ಸ್ಕ್ರೂಗಳಲ್ಲಿ ನಿಂತಿರುತ್ತದೆ. ಬಿಚ್ಚಿ ಬೇರೆ ಹಾಕಬಹುದು. ಆನ್‌ಲೈನಿನಲ್ಲಿ ಐದು ಸಾವಿರದೊಳಗೆ ಒಂದು ಸಾದಾ ನೆಕ್ ತರಿಸಿ, ಅದನ್ನು ನಾನೇ ಕೆರೆದೆ. ಫ್ರೆಟ್‌ಗಳ ಮೇಲೆ ಟೇಪ್ ಅಂಟಿಸಿ, ಅರ್ಧಗುಂಡಿನ ಅರದಿಂದ ಶುರು ಮಾಡಿ, ಕೊನೆಗೆ ಗುಂಡು ಕೋಲಿಗೆ ಮರಳು ಕಾಗದ ಸುತ್ತಿ ಉಜ್ಜಿದೆ. ಮೂರು ಸಂಜೆ ಹಿಡಿಯಿತು. ಬಾಲ್ಕನಿ ತುಂಬ ಕಂದು ಪುಡಿ. ಮಾಸ್ಕ್ ಹಾಕಿಕೊಳ್ಳಿ, ಈ ಮರದ ಪುಡಿ ಮೂಗು ಗಂಟಲಿಗೆ ಒಳ್ಳೆಯದಲ್ಲ. ಆಳ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ ಸಾಕು. ನಾನು 15ನೇ ಫ್ರೆಟ್ ಹತ್ತಿರ ಉತ್ಸಾಹದಲ್ಲಿ ಇನ್ನೂ ಕೆಳಗೆ ಹೋದೆ. ಅಲ್ಲಿನ ಬಿಳಿ ಚುಕ್ಕೆ ತೆಳ್ಳಗಾಗುತ್ತಾ ಬಂದು, ಕೊನೆಗೆ ಚುಕ್ಕೆಯೇ ಮಾಯ, ಒಂದು ಪುಟ್ಟ ಗುಂಡಿ ಉಳಿಯಿತು. ನನ್ನ ಹಳೆಯ ನೆಕ್ ಮೇಲೆ ಇದು ಆಗಿದ್ದರೆ ಆ ರಾತ್ರಿ ಊಟ ಸೇರುತ್ತಿರಲಿಲ್ಲ.

ಹೊಸ ನೆಕ್ ಕೂರಿಸಿದೆ. ಮರ ಕಮ್ಮಿಯಾದ್ದರಿಂದ ಸ್ವಲ್ಪ ಬಾಗಿತು, ನೆಕ್ ಒಳಗಿನ ಲೋಹದ ಕಡ್ಡಿ, ಅಂದರೆ ಟ್ರಸ್ ರಾಡ್, ಕಾಲು ಸುತ್ತು ಬಿಗಿಸಿದೆ. ತೋಡಿ ಎಳೆದೆ. ದೊಡ್ಡಮ್ಮ ಏನು ಹೇಳಿದ್ದರು ಅಂತ ಆಗ ಅರ್ಥವಾಯಿತು. ಬೆರಳ ತುದಿ ತಂತಿಯ ಬದಿಯನ್ನು ಕೊಕ್ಕೆ ಹಾಕಿ ಹಿಡಿಯುತ್ತದೆ. ರಿಷಭದಿಂದ ಮಧ್ಯಮಕ್ಕೆ, ಅಲ್ಲಿಂದ ಇಳಿದು ಮತ್ತೆ ಮೇಲಕ್ಕೆ, ಎಲ್ಲೂ ಜಾರಿ ಹೋಗಲಿಲ್ಲ. ಎಳೆಯದೆ ಕೆಳಗೆ ಒತ್ತಿ ಬಿಟ್ಟರೂ ಸಣ್ಣ ಕಂಪಿತ, ಅಂದರೆ ಸ್ವರದ ನಡುಕ, ಬರುತ್ತದೆ. ಇದು ಬೇರೆ ಯಾವ ದಾರಿಯಲ್ಲೂ ಸಿಗಲಿಲ್ಲ. ಬರೀ ಇದೊಂದನ್ನೇ ನೋಡಿದರೆ ಸ್ಕ್ಯಾಲಪ್‌ಗೆ ಸಾಟಿ ಇಲ್ಲ.

ತೊಂದರೆ ಕಂಡಿದ್ದು ಎರಡನೇ ವಾರದಿಂದ. ಒತ್ತಿದರೆ ಕಂಪಿತ ಬರುತ್ತದೆ ಅಂದರೆ, ಬೇಡ ಅಂದಾಗಲೂ ಬರುತ್ತದೆ ಅಂತಲೇ ಅಲ್ವಾ? ಒಂದೇ ಬೆರಳನ್ನು ಎಲ್ಲ ತಂತಿಗೂ ಅಡ್ಡ ಒತ್ತುವ ಎಫ್ ಬಾರ್ ಕಾರ್ಡ್ ಹಿಡಿದು ಟ್ಯೂನರ್ ನೋಡಿದರೆ ಕೆಲವು ತಂತಿ 12ರಿಂದ 15 ಸೆಂಟ್ ಮೇಲೆ ಓಡುತ್ತಿತ್ತು. ಒಂದು ಫ್ರೆಟ್ ಅಂದರೆ 100 ಸೆಂಟ್. ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಗೆಳೆಯರ ಜೊತೆ ಹಾಡಿಗೆ ಕೂತಾಗ ಎಲ್ಲರೂ ನನ್ನ ಕಡೆಯೇ ತಿರುಗಿ ನೋಡಿದರು. ಇನ್ನೊಂದು, ಜಾರು. ತಂತಿಯುದ್ದಕ್ಕೂ ಬೆರಳು ಜಾರಿಸುವಾಗ ಸ್ವಲ್ಪ ಜಾಸ್ತಿ ಒತ್ತಿದರೂ ಸೈಕಲ್ ರಸ್ತೆ ಉಬ್ಬು ಹಾರಿದ ಹಾಗೆ ಒಂದೊಂದು ಫ್ರೆಟ್ಟೂ ಬಡಿಯುತ್ತದೆ. ಎಳೆತಕ್ಕೆ ವರವಾದದ್ದು ಜಾರಿಗೆ ಶಾಪ. ಕೈ ಹಗುರ ಮಾಡಿಕೊಂಡರೆ ಸರಿಹೋಗುತ್ತದೆ ಅಂತಾರೆ. ನಾಲ್ಕು ತಿಂಗಳಲ್ಲಿ ನನಗೆ ಅರ್ಧ ಸರಿಹೋಯಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಬಾಡಿ ಅದೇ, ಪಿಕಪ್ ಅದೇ, ಧ್ವನಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗಂತೂ ಕೇಳಲಿಲ್ಲ. ಆದರೂ ಗಿಟಾರ್ ಕೈಗೆತ್ತಿಕೊಂಡರೆ ಯಾರದೋ ಮನೆಗೆ ನೆಂಟನಾಗಿ ಹೋದ ಹಾಗೆ. ನಾನು ಇಷ್ಟು ವರ್ಷ ಪ್ರೀತಿಸಿದ್ದು ಆ ಸವೆದ ನೆಕ್ಕನ್ನು, ಬಾಡಿಯನ್ನಲ್ಲ. ನೆಕ್ ಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು.

ಬೇಕಾದಾಗ ಒಂದು, ಬೇಡವಾದಾಗ ಇನ್ನೊಂದು ಅಂತ ಬದಲಾಯಿಸುತ್ತಾ ಇರೋಣ ಅಂದರೆ ಅದೂ ಆಗದು. ಪದೇ ಪದೇ ಬಿಚ್ಚಿದರೆ ಮರದಲ್ಲಿನ ಸ್ಕ್ರೂ ತೂತು ಸಡಿಲವಾಗುತ್ತದೆ. ತೂತಿನೊಳಗೆ ಸ್ಕ್ರೂ ಹಿಡಿಯುವ ಲೋಹದ ಕೊಳವೆ ಕೂರಿಸಬಹುದು, ಅದಕ್ಕೆ ನೆಕ್‌ನಲ್ಲಿ ದೊಡ್ಡ ತೂತು ಕೊರೆಯಬೇಕು. ಕೆರೆಯಬಾರದು ಅಂತ ಶುರು ಮಾಡಿ ಕೊರೆಯುವುದಕ್ಕೆ ಬಂದು ನಿಂತ ಹಾಗಾಯಿತು!

ಕೊನೆಗೆ ಹೀಗೆ ಮಾಡಿದೆ. ಹಳೆಯ ನೆಕ್ ಅದರ ಜಾಗಕ್ಕೆ ಬಂತು, 9ರ ತಂತಿ, ಡಿ ಶ್ರುತಿ. ಅದರ ಫ್ರೆಟ್‌ಗಳು ಹೇಗೂ ಎರಡರಿಂದ ಐದರವರೆಗೆ ಸವೆದು ಹಳ್ಳ ಬಿದ್ದಿವೆ. ಇನ್ನೊಂದು ವರ್ಷಕ್ಕೆ ಬದಲಾಯಿಸಲೇಬೇಕು, ಆಗ ಜಂಬೋ. ಸವೆದ ಫ್ರೆಟ್ ತೆಗೆಸುವುದನ್ನು ನಾನು ಗಾಯ ಅಂತ ಲೆಕ್ಕ ಹಾಕುವುದಿಲ್ಲ. ಕೆರೆದ ನೆಕ್ಕಿಗೆ ಒಂದು ಅಗ್ಗದ ಹಳೇ ಬಾಡಿ ಹುಡುಕುತ್ತಿದ್ದೇನೆ, ಅದು ತೋಡಿಗೇ ಮೀಸಲು. ಬರೀ ರಾಗ ನುಡಿಸುವವರಾದರೆ, ಕಾರ್ಡ್ ಮುಟ್ಟದವರಾದರೆ, ನೀವು ಧೈರ್ಯವಾಗಿ ಕೆರೆಸಿ. ಬೋರ್ಡ್ ಮೇಪಲ್ ಆಗಿದ್ದರೆ ಮಾತ್ರ ಕೆರೆದ ಮೇಲೆ ಮತ್ತೆ ಪಾಲಿಶ್ ಹಾಕಿಸಬೇಕು, ಖರ್ಚು ಇನ್ನೂ ಜಾಸ್ತಿ.

ನೆಕ್ ವಾಪಸ್ ಹಾಕುವಾಗ ಒಂದು ಉಪಾಯ. ಸ್ಕ್ರೂವನ್ನು ತೂತಿಗಿಟ್ಟು ಮೊದಲು ಉಲ್ಟಾ ತಿರುಗಿಸಿ. ತೂತಿನೊಳಗಿನ ಹಳೆಯ ತಿರುಪಿನ ಗೆರೆ ಸಿಕ್ಕಿದಾಗ 'ಟಿಕ್' ಅಂತ ಸಣ್ಣಗೆ ಕೆಳಗೆ ಕೂರುತ್ತದೆ. ಅಲ್ಲಿಂದ ಬಿಗಿಸಿ. ಹೊಸ ದಾರಿ ಕೊರೆದುಕೊಂಡು ಮರ ಹಾಳು ಮಾಡುವುದಿಲ್ಲ. ನಾನು ನಾಲ್ಕನ್ನೂ ಹಾಗೇ ಕೂರಿಸಿದೆ, ನಾಲ್ಕು ಸಲವೂ ಕಿವಿ ಹತ್ತಿರ ಇಟ್ಟು ಕೇಳಿಸಿಕೊಂಡು.