ಕಾರ್ಟೂನ್ ನೋಡುವ ಮಗುವಿಗೆ ಮೊದಲು ಯಾವ ಪುಸ್ತಕ?

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಹಳೇ ಪುಸ್ತಕ ಹುಡುಕುವಾಗ ‘ಟ್ರೆಷರ್ ಐಲ್ಯಾಂಡ್’, ‘ಅರೌಂಡ್ ದಿ ವರ್ಲ್ಡ್ ಇನ್ 80 ಡೇಸ್’ ಈ ಎರಡು ಕೈಗೆ ಬಂದರೆ?

ಕಾರ್ಟೂನಿನ ಕಡಲ್ಗಳ್ಳನ ಹೆಗಲ ಮೇಲೆ ಗಿಳಿ ಇರುತ್ತದೆ ಅಲ್ವಾ? ನಕ್ಷೆಯಲ್ಲಿ ಕೆಂಪು ಗುರುತು? ಅದನ್ನೆಲ್ಲ ಜನರ ಮನಸ್ಸಿನಲ್ಲಿ ಕೂರಿಸಿದ್ದು ಸ್ಟೀವನ್‌ಸನ್‌ರ ‘ಟ್ರೆಷರ್ ಐಲ್ಯಾಂಡ್’ (1883). ಅದರಲ್ಲಿ ಬರುವ ಒಂಟಿಕಾಲಿನ ಕಡಲ್ಗಳ್ಳ ಸಿಲ್ವರ್ ಒಳ್ಳೆಯವನೋ ಕೆಟ್ಟವನೋ ಅಂತ ಮಗು ಕೊನೆವರೆಗೂ ಯೋಚಿಸುತ್ತದೆ. ನನಗೆ ಅದೇ ಬಹಳ ಇಷ್ಟ. ಆದರೆ ಹಡಗಿನ ಮಾತು ಜಾಸ್ತಿ, ಕೊಲೆಗಳೂ ಇವೆ. ಹತ್ತು ವರ್ಷ ದಾಟಿರಲಿ.

80 ದಿನಗಳಲ್ಲಿ ಭೂಮಿ ಸುತ್ತುವ ಜೂಲ್ಸ್ ವರ್ನ್‌ರ ಕಥೆಯಲ್ಲಿ ಓಟವೇ ಓಟ. ಕಾರ್ಟೂನಿನಲ್ಲಿ ಇದರ ನಾಯಕ ಫಾಗ್ ಸಿಂಹವಾಗಿದ್ದಾನೆ! ಮುಂಬೈಯಿಂದ ಕೋಲ್ಕತ್ತಕ್ಕೆ ಹೋಗುವಾಗ ರೈಲು ಹಳಿ ನಡುದಾರಿಯಲ್ಲೇ ಮುಗಿಯುತ್ತದೆ. ಅವನು ಆನೆ ಕೊಳ್ಳುತ್ತಾನೆ. ಎಂಟು ವರ್ಷದ ಮಗುವಿಗೆ ನೀವೇ ಓದಿ ಹೇಳುವುದಾದರೆ ಇದನ್ನೇ ಕೊಳ್ಳಿ. ಸತಿಯ ಪ್ರಸಂಗ ಬಂದಾಗ ಮಾತ್ರ ನಿಂತು, ಬಿಡಿಸಿ ಹೇಳಿ.