ಒಂದು ಆ್ಯಪ್, ಒಂದು ಪೋಸ್ಟ್‌ಗ್ರೆಸ್: ಕಂಪೋಸ್, ಕೈಂಡ್, ಮಿನಿಕ್ಯೂಬ್, ಕೆ3ಎಸ್ ಹೋಲಿಕೆ

ಜ್ಯಾಂಗೋದಲ್ಲಿ (ಪೈಥಾನ್‌ನ ವೆಬ್ ಚೌಕಟ್ಟು) ಬರೆದ ಒಂದು ಆ್ಯಪ್, ಅದಕ್ಕೊಂದು ಪೋಸ್ಟ್‌ಗ್ರೆಸ್ ಡೇಟಾಬೇಸ್. 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ನಲ್ಲಿ ಇವೆರಡೂ ಓಡಬೇಕು, ಯಂತ್ರ ಆಫ್ ಮಾಡಿ ಆನ್ ಮಾಡಿದರೂ ಡೇಟಾ ಉಳಿಯಬೇಕು, ಕೋಡ್ ತಿದ್ದಿದರೆ ಕೂಡಲೇ ಬ್ರೌಸರ್‌ನಲ್ಲಿ ಕಾಣಬೇಕು. ಬೇಡಿಕೆ ಇಷ್ಟೇ ಆದರೆ ಡಾಕರ್ ಕಂಪೋಸ್ ಬಿಟ್ಟು ಬೇರೆಡೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಡಾಕರ್ ಆ್ಯಪನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುತ್ತದೆ, ಕಂಪೋಸ್ ಅಂಥ ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಕಂಟೇನರ್‌ಗಳನ್ನು ನಿರ್ವಹಿಸುವ ಕ್ಯೂಬರ್ನೆಟಿಸ್ ವ್ಯವಸ್ಥೆಯನ್ನು ಸ್ವಂತ ಯಂತ್ರದಲ್ಲಿ ಓಡಿಸುವ ಕೈಂಡ್, ಮಿನಿಕ್ಯೂಬ್, ಕೆ3ಎಸ್ ಮೂರರಲ್ಲೂ ಇದೇ ಜೋಡಿಯನ್ನು ಏರಿಸಿ ನೋಡಿದ್ದಾಯಿತು. ಮೂರೂ ಒಳ್ಳೆಯವೇ. ಆದರೆ ಅವು ಪರಿಹರಿಸುವ ತೊಂದರೆಗಳು ಇಷ್ಟು ಚಿಕ್ಕ ಆ್ಯಪ್‌ಗೆ ಇಲ್ಲ, ಅವು ತರುವ ತೊಂದರೆಗಳು ಮಾತ್ರ ಮೊದಲ ದಿನದಿಂದಲೇ ಶುರು.

ಆ ತೊಂದರೆಗಳಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಇಮೇಜ್, ಅಂದರೆ ಕಂಟೇನರ್ ಹುಟ್ಟುವ ಅಚ್ಚು. ಬಿಲ್ಡ್ (ಇಮೇಜ್ ತಯಾರಿ) ಸರಿಯಾಗಿ ಮುಗಿದಿರುತ್ತದೆ, ಡಾಕರ್‌ನ ಇಮೇಜ್ ಪಟ್ಟಿಯಲ್ಲಿ ಹೆಸರೂ ಇರುತ್ತದೆ. ಆದರೂ ಪಾಡ್ (ಕ್ಯೂಬರ್ನೆಟಿಸ್ ಕಂಟೇನರ್ ಓಡಿಸುವ ಘಟಕ) ಮೊದಲು ‘ಎರ್‌ಇಮೇಜ್‌ಪುಲ್’, ಸ್ವಲ್ಪ ಹೊತ್ತಿನ ಮೇಲೆ ‘ಇಮೇಜ್‌ಪುಲ್‌ಬ್ಯಾಕ್‌ಆಫ್’ ಎಂದು, ಅಂದರೆ ಇಮೇಜ್ ತರಲಾಗಲಿಲ್ಲವೆಂದು, ತೋರಿಸುತ್ತಲೇ ಇರುತ್ತದೆ. ಕ್ಲಸ್ಟರ್‌ನ (ಕ್ಯೂಬರ್ನೆಟಿಸ್‌ಗೆ ಸೇರಿದ ಯಂತ್ರಗಳ ಗುಂಪು) ನೋಡ್‌ಗೆ, ಅಂದರೆ ಅದರಲ್ಲಿನ ಒಂದು ಯಂತ್ರಕ್ಕೆ, ತನ್ನದೇ ಇಮೇಜ್ ಸಂಗ್ರಹ ಇರುವುದೇ ಇದಕ್ಕೆ ಕಾರಣ. ನಿಮ್ಮ ಡಾಕರ್‌ನಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ತನ್ನಲ್ಲಿ ಸಿಗದಿದ್ದಾಗ ಅದು ನೇರ ಇಮೇಜ್‌ಗಳ ಸಾರ್ವಜನಿಕ ರಿಜಿಸ್ಟ್ರಿಯಾದ (ಭಂಡಾರ) ಡಾಕರ್ ಹಬ್‌ಗೆ ಹೋಗಿ ಕೇಳುತ್ತದೆ. ನಿಮ್ಮ ಆ್ಯಪ್ ಅಲ್ಲಿಲ್ಲ.

ಹೀಗಾಗಿ ಪ್ರತಿ ಬಿಲ್ಡ್ ಆದ ಮೇಲೂ ಇಮೇಜನ್ನು ಕೈಯಾರೆ ದಾಟಿಸಬೇಕು. ಕೈಂಡ್‌ನಲ್ಲಿ ‘ಕೈಂಡ್ ಲೋಡ್ ಡಾಕರ್-ಇಮೇಜ್’, ಮಿನಿಕ್ಯೂಬ್‌ನಲ್ಲಿ ‘ಮಿನಿಕ್ಯೂಬ್ ಇಮೇಜ್ ಲೋಡ್’. ಕೆ3ಎಸ್‌ಗೆ ಇನ್ನೊಂದು ಸುತ್ತು ಜಾಸ್ತಿ: ‘ಡಾಕರ್ ಸೇವ್’ ಕೊಟ್ಟು ಟಾರ್ ಫೈಲ್ ಮಾಡಿ, ಆಮೇಲೆ ಸೂಡೊ (ನಿರ್ವಾಹಕ ಹಕ್ಕು) ಹಾಕಿ ‘ಕೆ3ಎಸ್ ಸಿಟಿಆರ್ ಇಮೇಜಸ್ ಇಂಪೋರ್ಟ್’.

ದಾಟಿಸಿದ ಮೇಲೂ ಅದೇ ದೋಷ ಬರುತ್ತಿದ್ದರೆ ಟ್ಯಾಗ್ (ಇಮೇಜ್ ಹೆಸರಿನ ಕೊನೆಯ ಆವೃತ್ತಿ ಗುರುತು) ನೋಡಿ. ಟ್ಯಾಗ್ ಬರೆಯದಿದ್ದರೆ ಅಥವಾ ‘ಲೇಟೆಸ್ಟ್’ ಎಂದಿದ್ದರೆ ಕ್ಯೂಬರ್ನೆಟಿಸ್ ತಾನಾಗಿಯೇ ಇಮೇಜ್‌ಪುಲ್‌ಪಾಲಿಸಿಯನ್ನು ‘ಆಲ್ವೇಸ್’ ಮಾಡಿಕೊಳ್ಳುತ್ತದೆ. ಆಗ ಇಮೇಜ್ ನೋಡ್‌ನಲ್ಲೇ ಇದ್ದರೂ ರಿಜಿಸ್ಟ್ರಿಯನ್ನು ಕೇಳದೆ ಪಾಡ್ ಶುರುವಾಗದು. ‘0.1’, ‘0.2’ ಎಂದು ಬೇರೆ ಟ್ಯಾಗ್ ಕೊಟ್ಟರೆ ಪಾಲಿಸಿ ‘ಇಫ್‌ನಾಟ್‌ಪ್ರೆಸೆಂಟ್’ (ಇಲ್ಲದಿದ್ದರೆ ಮಾತ್ರ ತರು) ಆಗಿ ಕೆಲಸ ಸಲೀಸು. ಪ್ರತಿ ಬಿಲ್ಡ್‌ಗೂ ಹೊಸ ಟ್ಯಾಗ್ ಕೊಡುವುದೇ ಒಳ್ಳೆಯದು. ಹಳೆಯ ಟ್ಯಾಗನ್ನೇ ಇಟ್ಟುಕೊಂಡರೆ ಡಿಪ್ಲಾಯ್‌ಮೆಂಟ್ ಫೈಲ್‌ನಲ್ಲಿ (ಯಾವ ಇಮೇಜ್‌ನಿಂದ ಪಾಡ್ ಓಡಿಸಬೇಕೆಂಬ ವಿವರಣೆ) ಏನೂ ಬದಲಾಗಿರುವುದಿಲ್ಲ. ಹಾಗಾಗಿ ಫೈಲನ್ನು ಕ್ಲಸ್ಟರ್‌ಗೆ ಒಪ್ಪಿಸುವ ‘ಅಪ್ಲೈ’ ಕೊಟ್ಟರೂ ಹಳೆಯ ಪಾಡ್ ಹಾಗೇ ಮುಂದುವರಿಯುತ್ತದೆ, ತಿದ್ದಿದ ಕೋಡ್ ಯಾಕೆ ಕಾಣುತ್ತಿಲ್ಲವೆಂದು ಬೇರೆಲ್ಲೋ ಹುಡುಕುತ್ತ ಕೂರಬೇಕಾಗುತ್ತದೆ. ಡಾಕರ್ ಬದಲು ಪಾಡ್‌ಮ್ಯಾನ್‌ನಲ್ಲಿ ಬಿಲ್ಡ್ ಮಾಡುವವರಿಗೆ ಇನ್ನೊಂದು ಮಾತು: ಅಲ್ಲಿ ಇಮೇಜ್ ಹೆಸರಿನ ಮುಂದೆ ‘ಲೋಕಲ್‌ಹೋಸ್ಟ್/’ ಸೇರಿಕೊಂಡಿರುತ್ತದೆ, ಫೈಲ್‌ನಲ್ಲೂ ಹಾಗೆಯೇ ಬರೆಯಬೇಕು.

ಕಂಪೋಸ್‌ನಲ್ಲಿ ಈ ಅಧ್ಯಾಯವೇ ಇಲ್ಲ. ‘ಡಾಕರ್ ಕಂಪೋಸ್ ಅಪ್’ ಜತೆಗೆ ಬಿಲ್ಡ್ ಫ್ಲ್ಯಾಗ್ ಕೊಟ್ಟರೆ ಅದೇ ಡಾಕರ್, ಅದೇ ಇಮೇಜ್, ಬದಲಾದ ಕಂಟೇನರ್ ಮಾತ್ರ ಹೊಸದಾಗಿ ಏಳುತ್ತದೆ.

ಹಾಗೆಂದು ಕಂಪೋಸ್‌ನಲ್ಲಿ ತೊಡಕೇ ಇಲ್ಲವೆಂದಲ್ಲ. ‘ಡಿಪೆಂಡ್ಸ್_ಆನ್’ ಎಂದಷ್ಟೇ ಬರೆದರೆ ಡೇಟಾಬೇಸ್ ಕಂಟೇನರ್ ಶುರುವಾಯಿತೇ ಎಂದು ಮಾತ್ರ ನೋಡುತ್ತದೆ, ಸಂಪರ್ಕಕ್ಕೆ ಸಿದ್ಧವೇ ಎಂದಲ್ಲ. ಆ್ಯಪ್ ಮೊದಲೇ ಹೋಗಿ ಬಾಗಿಲು ತಟ್ಟಿ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬೀಳುತ್ತದೆ. ಪೋಸ್ಟ್‌ಗ್ರೆಸ್‌ಗೆ ಹೆಲ್ತ್‌ಚೆಕ್ (ಸಿದ್ಧವೇ ಎಂದು ಪರೀಕ್ಷಿಸುವ ಆಜ್ಞೆ) ಬರೆದು, ಆ್ಯಪ್‌ನ ಕಡೆ ‘ಸರ್ವಿಸ್_ಹೆಲ್ದಿ’ ಷರತ್ತು ಹಾಕಬೇಕು. ಎಲ್ಲರೂ ಇಲ್ಲಿ ಪೋಸ್ಟ್‌ಗ್ರೆಸ್‌ನದೇ ಆಜ್ಞೆಯಾದ ‘ಪಿಜಿ_ಈಸ್‌ರೆಡಿ’ ಎಂದು ಬರೆದು ಬಿಡುತ್ತಾರೆ, ಅದೂ ಸಾಲದು. ವಾಲ್ಯೂಮ್ (ಡೇಟಾ ಉಳಿಯುವ ಜಾಗ) ಖಾಲಿ ಇರುವಾಗ ಅಧಿಕೃತ ಪೋಸ್ಟ್‌ಗ್ರೆಸ್ ಇಮೇಜ್ ಮೊದಲು ಒಂದು ತಾತ್ಕಾಲಿಕ ಸರ್ವರ್ ಎಬ್ಬಿಸಿ, ಆರಂಭದ ಸ್ಕ್ರಿಪ್ಟ್‌ಗಳನ್ನು ಓಡಿಸಿ, ಅದನ್ನು ನಿಲ್ಲಿಸಿ, ಆಮೇಲೆ ನಿಜವಾದ ಸರ್ವರ್ ಶುರು ಮಾಡುತ್ತದೆ. ತಾತ್ಕಾಲಿಕ ಸರ್ವರ್ ಯುನಿಕ್ಸ್ ಸಾಕೆಟ್‌ನಲ್ಲಿ, ಅಂದರೆ ಆ ಕಂಟೇನರ್‌ನ ಒಳಗಿನ ಸಂಪರ್ಕದಲ್ಲಿ, ಮಾತ್ರ ಕೇಳುತ್ತಿರುತ್ತದೆ. ಪಿಜಿ_ಈಸ್‌ರೆಡಿ ಕೂಡ ಹೋಸ್ಟ್ ಹೇಳದಿದ್ದರೆ ಸಾಕೆಟ್‌ನಲ್ಲೇ ನೋಡುವುದರಿಂದ ಆ ನಡುವೆಯೇ ‘ಸಿದ್ಧ’ ಎಂದುಬಿಡಬಹುದು. ಹೋಸ್ಟ್ ಆಯ್ಕೆಯಲ್ಲಿ 127.0.0.1 (ಸ್ವಂತ ಯಂತ್ರದ ನೆಟ್‌ವರ್ಕ್ ವಿಳಾಸ) ಕೊಟ್ಟರೆ ಈ ಸುಳ್ಳು ನಿಲ್ಲುತ್ತದೆ. ನಿಮ್ಮಲ್ಲಿ ದಿನವೂ ಓಡುವ ಆ್ಯಪ್ ಹೊಸ ಸಹೋದ್ಯೋಗಿಯ ಯಂತ್ರದಲ್ಲಿ ಮೊದಲ ಸಲ ಮಾತ್ರ ಬಿದ್ದರೆ ಮೊದಲು ಇದನ್ನೇ ಶಂಕಿಸಿ.

ಪಾಸ್‌ವರ್ಡ್ ಬದಲಿಸಿದರೂ ಹಳೆಯದೇ ನಡೆಯುತ್ತಿದ್ದರೆ ಅದಕ್ಕೂ ಖಾಲಿ ವಾಲ್ಯೂಮ್‌ನ ನಿಯಮವೇ ಕಾರಣ: ‘ಪೋಸ್ಟ್‌ಗ್ರೆಸ್_ಪಾಸ್‌ವರ್ಡ್’ ಓದುವುದು ಮೊದಲ ಸಲ ಮಾತ್ರ.

ಪೋಸ್ಟ್‌ಗ್ರೆಸ್ 18ಕ್ಕೆ ಹೋಗುವವರು ವಾಲ್ಯೂಮ್ ಜೋಡಿಸುವ ಜಾಗ ತಿದ್ದಬೇಕು. 17ರವರೆಗೆ ಅದು ‘/ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/ಡೇಟಾ’, 18ರಿಂದ ಕೊನೆಯ ‘ಡೇಟಾ’ ಇಲ್ಲ. ಇದು ನಾಲ್ಕೂ ಕಡೆ ಅನ್ವಯ.

ಪೋರ್ಟ್‌ಗಳ (ಬ್ರೌಸರ್ ಆ್ಯಪನ್ನು ತಲುಪುವ ದ್ವಾರದ ಸಂಖ್ಯೆ) ಕತೆ ಒಂದೊಂದರಲ್ಲಿ ಒಂದೊಂದು. ಕಂಪೋಸ್‌ನಲ್ಲಿ ಒಂದು ಸಾಲು, 127.0.0.1 ಸೇರಿಸಿ ಬರೆಯಿರಿ, ಇಲ್ಲವಾದರೆ ಲಿನಕ್ಸ್‌ನಲ್ಲಿ ಡಾಕರ್ ಯುಎಫ್‌ಡಬ್ಲ್ಯೂ ಫೈರ್‌ವಾಲ್ ನಿಯಮಗಳನ್ನು ದಾಟಿ ಪೋರ್ಟನ್ನು ಹೊರಗಿನವರಿಗೂ ತೆರೆದಿಡುತ್ತದೆ. ಕೈಂಡ್‌ನಲ್ಲಿ ‘ಎಕ್ಸ್‌ಟ್ರಾಪೋರ್ಟ್‌ಮ್ಯಾಪಿಂಗ್ಸ್’ ಕ್ಲಸ್ಟರ್ ಕಟ್ಟುವಾಗಲೇ ಹೇಳಿರಬೇಕು, ಮರೆತರೆ ಕ್ಲಸ್ಟರ್ ಅಳಿಸಿ ಮತ್ತೆ ಕಟ್ಟಬೇಕು. ಮ್ಯಾಕ್, ವಿಂಡೋಸ್‌ನಲ್ಲಿ ಡಾಕರ್ ಡ್ರೈವರ್ ಮೇಲೆ ಮಿನಿಕ್ಯೂಬ್ ಓಡಿಸಿದರೆ ‘ಮಿನಿಕ್ಯೂಬ್ ಸರ್ವಿಸ್’ ಕೊಟ್ಟ ಟರ್ಮಿನಲ್ ತೆರೆದೇ ಇರಬೇಕು. ಕೆ3ಎಸ್ ತನ್ನ ಜತೆಗೆ ಬರುವ ಟ್ರೇಫಿಕ್ ಎಂಬ ಪ್ರಾಕ್ಸಿಗಾಗಿ 80, 443 ಪೋರ್ಟ್‌ಗಳನ್ನು ಹಿಡಿದುಕೊಳ್ಳುತ್ತದೆ. ಅದೇ ಯಂತ್ರದಲ್ಲಿ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇದ್ದರೆ ಘರ್ಷಣೆ ಖಂಡಿತ.

ಡೇಟಾದ ವಿಷಯದಲ್ಲಿ ಕೈಂಡ್ ಬಗ್ಗೆ ಎಚ್ಚರ. ವಾಲ್ಯೂಮ್ ಇರುವುದು ಅಲ್ಲಿ ನೋಡ್‌ನ ಪಾತ್ರ ವಹಿಸುವ ಕಂಟೇನರ್‌ನ ಒಳಗೆ, ಕ್ಲಸ್ಟರ್ ಅಳಿಸಿದರೆ ಡೇಟಾಬೇಸೂ ಹೋಯಿತು. ಕೆ3ಎಸ್ ಯಂತ್ರದ ಡಿಸ್ಕ್‌ನಲ್ಲೇ ಬರೆಯುತ್ತದೆ, ಆದರೆ ಪಿವಿಸಿ (ಪಾಡ್‌ಗೆ ಬೇಕಾದ ಡಿಸ್ಕ್ ಜಾಗದ ಕೋರಿಕೆ) ಅಳಿಸಿದರೆ ಅದರ ಡೈರೆಕ್ಟರಿಯೂ ಅಳಿಯುತ್ತದೆ. ಕಂಪೋಸ್‌ನಲ್ಲಿ ‘ಡೌನ್’ ಕೊಟ್ಟರೆ ಹೆಸರಿಟ್ಟ ವಾಲ್ಯೂಮ್ ಉಳಿಯುತ್ತದೆ, ‘ಡೌನ್’ ಜತೆ ‘-ವಿ’ ಕೊಟ್ಟರೆ ಮಾತ್ರ ಹೋಗುತ್ತದೆ.

ಕ್ಯೂಬರ್ನೆಟಿಸ್‌ಗೇ ಹೋಗುತ್ತೀರಾದರೆ ಪೋಸ್ಟ್‌ಗ್ರೆಸ್‌ಗೆ ಸ್ಟೇಟ್‌ಫುಲ್‌ಸೆಟ್ (ಡೇಟಾ ಇಟ್ಟುಕೊಳ್ಳುವ ಪಾಡ್‌ಗಳಿಗೆಂದೇ ಇರುವ ವಿಧ) ಬಳಸಿ. ಡಿಪ್ಲಾಯ್‌ಮೆಂಟ್ ಬರೆದರೆ ಸ್ಟ್ರ್ಯಾಟೆಜಿ ‘ರೀಕ್ರಿಯೇಟ್’ (ಹಳೆಯದು ನಿಂತ ಮೇಲೆ ಹೊಸದು) ಇರಲಿ. ಇಲ್ಲವಾದರೆ ಅಪ್‌ಡೇಟ್ ಹೊತ್ತಿನಲ್ಲಿ ಹಳೆಯ ಪಾಡ್, ಹೊಸ ಪಾಡ್ ಎರಡೂ ಒಂದೇ ಡೇಟಾ ಡೈರೆಕ್ಟರಿಗೆ ಕೈ ಹಾಕಿ ಫೈಲ್‌ಗಳು ಕೆಡಬಹುದು. ಸರ್ವಿಸ್‌ಗೆ (ಕ್ಲಸ್ಟರ್ ಒಳಗೆ ಪಾಡ್ ತಲುಪುವ ಸ್ಥಿರ ವಿಳಾಸ) ‘ಪೋಸ್ಟ್‌ಗ್ರೆಸ್’ ಎಂದು ಹೆಸರಿಡಬೇಡಿ. ಇಟ್ಟರೆ ಆ ಸರ್ವಿಸ್‌ನ ನಂತರ ಹುಟ್ಟುವ ಪಾಡ್‌ಗಳಿಗೆ ‘ಪೋಸ್ಟ್‌ಗ್ರೆಸ್_ಪೋರ್ಟ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ತಾನಾಗಿ ಬರುತ್ತದೆ, ಅದರಲ್ಲಿ ಇರುವುದು 5432 ಎಂಬ ಪೋರ್ಟ್ ಸಂಖ್ಯೆ ಅಲ್ಲ, ‘ಟಿಸಿಪಿ://’ ಎಂದು ಶುರುವಾಗುವ ಇಡೀ ವಿಳಾಸ. ಅದೇ ಹೆಸರನ್ನು ಸಂಖ್ಯೆಯೆಂದು ಓದುವ ಆ್ಯಪ್ ಅಲ್ಲೇ ಕುಸಿಯುತ್ತದೆ. ‘ಡಿಬಿ’ ಎಂದಿಡಿ, ಸಾಕು.

ಮೆಮೊರಿಯೇ ನನ್ನ ಬಜೆಟ್. 8 ಜಿಬಿಯಲ್ಲಿ ಬ್ರೌಸರ್, ಎಡಿಟರ್ ತೆರೆದು ಉಳಿದುದರಲ್ಲಿ ಕೆಲಸ ಆಗಬೇಕು. ಕ್ಯೂಬರ್ನೆಟಿಸ್‌ನ ಒಳಭಾಗಗಳಾದ ಎಪಿಐ ಸರ್ವರ್, ಷೆಡ್ಯೂಲರ್‌ಗಳಿಗೆ ಅದನ್ನು ಹಂಚಲು ಮನಸ್ಸಿಲ್ಲ. ದಿನಕ್ಕೆ ಹತ್ತಾರು ಸಲ ಬಿಲ್ಡ್ ಮಾಡುವ ಅಭ್ಯಾಸಕ್ಕೂ ಕಂಪೋಸೇ ಹೊಂದುತ್ತದೆ. ಬರೆದ ಕ್ಯೂಬರ್ನೆಟಿಸ್ ಫೈಲ್‌ಗಳು ಸರಿಯಿವೆಯೇ ಎಂದು ಪರೀಕ್ಷಿಸುವ ದಿನ ಮಾತ್ರ ಕೈಂಡ್ ಎಬ್ಬಿಸಿ, ಕೆಲಸ ಮುಗಿದ ಮೇಲೆ ಅಳಿಸುವುದು ವಾಸಿ. ಸದಾ ಆನ್ ಇರುವ ಲಿನಕ್ಸ್ ಯಂತ್ರ ಬೇರೆ ಇದ್ದವರಿಗೆ ಕೆ3ಎಸ್ ಚೆನ್ನಾಗಿಯೇ ಹೊಂದುತ್ತದೆ. ಮಿನಿಕ್ಯೂಬ್ ಕ್ಯೂಬರ್ನೆಟಿಸ್ ಕಲಿಯುವವರಿಗೆ, ಡ್ಯಾಶ್‌ಬೋರ್ಡ್ ಬೇಕೆನ್ನುವವರಿಗೆ. ಯಾವುದರಿಂದ ಯಾವುದಕ್ಕೆ ಬದಲಾಯಿಸಿದರೂ ವಾಲ್ಯೂಮ್ ಫೈಲ್‌ಗಳನ್ನು ನಕಲು ಮಾಡಲು ಹೋಗಬೇಡಿ. ಪೋಸ್ಟ್‌ಗ್ರೆಸ್‌ನ ‘ಪಿಜಿ_ಡಂಪ್’ ಆಜ್ಞೆಯಿಂದ ಪ್ರತಿ ತೆಗೆದು ಹೊಸ ಡೇಟಾಬೇಸ್‌ಗೆ ತುಂಬಿಸಿ, ಸಾಲುಗಳ ಎಣಿಕೆ ತಾಳೆ ನೋಡಿದ ಮೇಲೆ ಹಳೆಯದನ್ನು ಅಳಿಸಿ.