ಕಾಲೇಜು, ಕ್ಲಿನಿಕ್ಕು, ಸರ್ಕಾರಿ ಆಸ್ಪತ್ರೆ: ದಾವಣಗೆರೆಯಲ್ಲಿ ಹಲ್ಲು ತೋರಿಸಿದ ಎರಡು ವರ್ಷ

ದಾವಣಗೆರೆಯಲ್ಲಿ ಹಲ್ಲುನೋವು ಬಂದವರ ಮುಂದೆ ಮೂರು ಬಾಗಿಲುಗಳಿವೆ. ನಗರದಲ್ಲಿರುವ ಎರಡು ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಒಂದು, ಬಡಾವಣೆ ಬಡಾವಣೆಗಳಲ್ಲಿ ಬೋರ್ಡು ಹಾಕಿಕೊಂಡಿರುವ ಖಾಸಗಿ ಕ್ಲಿನಿಕ್ಕುಗಳು ಇನ್ನೊಂದು, ಸರ್ಕಾರಿ ಆಸ್ಪತ್ರೆಯ ದಂತ ವಿಭಾಗ ಮತ್ತೊಂದು. ಕಳೆದ ಎರಡು ವರ್ಷಗಳಲ್ಲಿ ನನ್ನ, ನನ್ನ ತಾಯಿಯ ಮತ್ತು ಏಳು ವರ್ಷದ ಮಗಳ ಹಲ್ಲುಗಳ ಕಾರಣಕ್ಕೆ ಈ ಮೂರೂ ಕಡೆ ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದು ನೋಡಿದ್ದಾಗಿದೆ. ನಾನು ಪ್ರೌಢಶಾಲೆಯ ಶಿಕ್ಷಕನಾದ್ದರಿಂದ ಹಣದಷ್ಟೇ ರಜೆಯನ್ನೂ ಎಣಿಸಬೇಕಾಗುತ್ತದೆ. ಈ ಹೋಲಿಕೆಯಲ್ಲಿ ಆ ಪಕ್ಷಪಾತ ಇದ್ದೇ ಇರುತ್ತದೆ.

ಮೊದಲು ನೋವಿನ ವಿಷಯ. ಎಡಗಡೆಯ ಕೆಳದವಡೆಯಲ್ಲಿ, ರಾತ್ರಿ ದಿಂಬಿಗೆ ತಲೆ ಕೊಟ್ಟೊಡನೆ ಏರುವ ನೋವು ಶುರುವಾದಾಗ ನಾನು ಹೋದದ್ದು ಮನೆಗೆ ಹತ್ತಿರದ ಕ್ಲಿನಿಕ್ಕಿಗೆ. ಶಾಲೆ ಬಿಟ್ಟ ಮೇಲೆ ಸಂಜೆ ಆರೂವರೆಗೆ ಸಮಯ ಸಿಕ್ಕಿತು. ನಾನು ಬೆರಳಿಟ್ಟು ತೋರಿಸಿದ ದವಡೆಹಲ್ಲಿನ ಎಕ್ಸ್‌ರೇ ತೆಗೆದರು, ಅದರಲ್ಲಿ ಸಣ್ಣ ಹುಳುಕು ಕಂಡಿತು, ಸಿಮೆಂಟ್ ತುಂಬಿದರು, ಅರ್ಧ ಗಂಟೆಯಲ್ಲಿ ಹೊರಗೆ ಬಂದೆ. ಐದನೆಯ ರಾತ್ರಿ ಅದೇ ನೋವು ಮರಳಿತು. ಎರಡನೆಯ ಸಲ ಹೋದಾಗ ಅದೇ ಹಲ್ಲಿಗೆ ರೂಟ್ ಕೆನಾಲ್ ಮಾಡಬೇಕೆಂದರು, ಮುಂಗಡವನ್ನೂ ಕೇಳಿದರು. ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ.

ಕಾಲೇಜಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದ ಮೇಲೆ ಯಾರೂ ನೇರವಾಗಿ ಹಲ್ಲಿಗೆ ಕೈ ಹಾಕುವುದಿಲ್ಲ. ಮೊದಲು ತಪಾಸಣೆಯ ವಿಭಾಗ. ಅಲ್ಲಿ ಒಬ್ಬ ವಿದ್ಯಾರ್ಥಿನಿ ಬಲಗಡೆಯ ಮೇಲಿನಿಂದ ಆರಂಭಿಸಿ ಪ್ರತಿ ಹಲ್ಲನ್ನೂ ನೋಡಿ ಹೇಳುತ್ತ ಹೋದರೆ ಇನ್ನೊಬ್ಬರು ಬರೆದುಕೊಂಡರು. ಬಳಿಕ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಬಂದು, ಬಾಯಿಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿದರು; ತಣ್ಣಗೆ ಮಾಡಿದ ಹತ್ತಿಯುಂಡೆಯನ್ನು ಚಿಮಟದಲ್ಲಿ ಹಿಡಿದು ಒಂದೊಂದಕ್ಕೇ ತಾಗಿಸಿದರು. ನಾನು ತೋರಿಸಿದ ಕೆಳಹಲ್ಲಿಗೆ ತಾಗಿಸಿದಾಗ ಕ್ಷಣಕಾಲ ಜುಮ್ಮೆಂದು ಸುಮ್ಮನಾಯಿತು. ಅದರ ಮೇಲ್ಗಡೆ, ಹತ್ತು ವರ್ಷದ ಹಿಂದೆ ಬೆಳ್ಳಿ ತುಂಬಿಸಿದ್ದ ಹಲ್ಲಿಗೆ ತಾಗಿಸಿದಾಗ ಕುರ್ಚಿಯ ಹಿಡಿ ಬಿಗಿಹಿಡಿದೆ. "ಹತ್ತಿ ತೆಗೆದೆ ಸರ್. ಇನ್ನೂ ಜುಮ್ ಅಂತಿದೆಯಾ?" ಎಂದು ಕೇಳಿದರು. ಅರ್ಧ ನಿಮಿಷ ಕಳೆದರೂ ಅನ್ನುತ್ತಲೇ ಇತ್ತು. ಎಕ್ಸ್‌ರೇಯಲ್ಲಿ ಹಳೆಯ ಬೆಳ್ಳಿಯ ಅಡಿಯಲ್ಲಿ ಹುಳುಕು ನರದವರೆಗೆ ಇಳಿದಿತ್ತು. ಹಲ್ಲಿನೊಳಗಿನ ನರ ಕೆರಳಿದಾಗ ನೋವು ಎಲ್ಲಿಂದ ಹುಟ್ಟಿತೆಂದು ರೋಗಿಗೆ ಸರಿಯಾಗಿ ತಿಳಿಯುವುದಿಲ್ಲ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಅನ್ನಿಸುವುದು ಸಾಮಾನ್ಯವಂತೆ. ಕ್ಲಿನಿಕ್ಕಿನ ವೈದ್ಯರು ಇದನ್ನು ಅರಿಯದವರೆಂದು ನಾನು ಹೇಳಲಾರೆ. ಆ ಸಂಜೆ ಹೊರಗೆ ಇನ್ನೂ ನಾಲ್ವರು ಕಾದಿದ್ದರು. ನಾನು ತೋರಿಸಿದ ಹಲ್ಲನ್ನು ಅವರು ನಂಬಿದರು, ಅಷ್ಟೆ.

ರೂಟ್ ಕೆನಾಲನ್ನು ಕಾಲೇಜಿನಲ್ಲೇ ಮಾಡಿಸಿದೆ. ಕ್ಲಿನಿಕ್ಕಿನಲ್ಲಿ ಹೇಳಿದ ಮೊತ್ತದ ಮೂರನೆಯ ಒಂದು ಭಾಗವೂ ಖರ್ಚಾಗಲಿಲ್ಲ. ಆದರೆ ನಾಲ್ಕು ಸಲ ಹೋಗಬೇಕಾಯಿತು, ಪ್ರತಿ ಸಲವೂ ಅರ್ಧ ದಿನ. ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಿ, ಬ್ಲೀಚಿಂಗ್ ಪುಡಿಯ ವಾಸನೆಯ ದ್ರಾವಣದಿಂದ ಬೇರಿನ ನಾಳಗಳನ್ನು ಪದೇ ಪದೇ ತೊಳೆಯುವ ಕೆಲಸದಲ್ಲಿ ವಿದ್ಯಾರ್ಥಿ ಯಾವುದನ್ನೂ ಬಿಡಲಿಲ್ಲ, ಬೇಗನೆಯೂ ಮುಗಿಸಲಿಲ್ಲ. ಅವರು ಮೂರು ನಾಳಗಳನ್ನು ಹುಡುಕಿದ್ದರು. ಪರಿಶೀಲನೆಗೆ ಬಂದ ಪ್ರಾಧ್ಯಾಪಕರು ಭೂತಗನ್ನಡಿ ಹಾಕಿಕೊಂಡು ಬಗ್ಗಿ ನೋಡಿ, ಸೂಜಿಯಂಥ ಸಲಕರಣೆಯಿಂದ ನಾಲ್ಕನೆಯದನ್ನು ಹಿಡಿದರು. ಮೇಲಿನ ಮೊದಲ ದವಡೆಹಲ್ಲಿನಲ್ಲಿ ಈ ನಾಲ್ಕನೆಯ ನಾಳ ಅನೇಕರಲ್ಲಿ ಇರುತ್ತದೆ, ತಪ್ಪಿಹೋಗುವುದೂ ಅದೇ. ಕಲಿಯುವವರ ಕೈಗೆ ಹಲ್ಲು ಕೊಡಲು ಹೆದರುವವರಿಗೆ ನಾನು ಹೇಳುವುದು ಇದನ್ನೇ: ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡದೆ ಅಲ್ಲಿ ಕುರ್ಚಿಯಿಂದ ಇಳಿಸುವುದಿಲ್ಲ.

ಕ್ಲಿನಿಕ್ಕಿನ ಬೆಲೆ ತಿಳಿದದ್ದು ನಾಗರಪಂಚಮಿಯ ದಿನ. ಶೇಂಗಾ ಉಂಡೆ ಕಚ್ಚಿದಾಗ ತಾತ್ಕಾಲಿಕ ಕ್ಯಾಪು ಉಂಡೆಯೊಂದಿಗೇ ಕಿತ್ತು ಬಂತು. ಕಾಲೇಜಿಗೆ ರಜೆ. ಮತ್ತೊಂದು ಕ್ಲಿನಿಕ್ಕಿನ ವೈದ್ಯರಿಗೆ ಫೋನು ಮಾಡಿದರೆ, ಹೋಳಿಗೆ ಊಟ ಮುಗಿಸಿ ಬರುತ್ತೇನೆಂದು ಹೇಳಿ, ಬಂದು, ಹತ್ತು ನಿಮಿಷದಲ್ಲಿ ಅಂಟಿಸಿ ಕಳುಹಿಸಿದರು. ಹಲ್ಲು ಸ್ವಚ್ಛ ಮಾಡಿಸುವುದಕ್ಕೂ ನಾನು ಈಗ ಅಲ್ಲಿಗೇ ಹೋಗುತ್ತೇನೆ. ಕಾಲೇಜಿನಲ್ಲಿ ಎರಡು ದಿನ ಹಿಡಿದ ಈ ಕೆಲಸವನ್ನು ಪಳಗಿದ ಕೈ ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತದೆ. ಸ್ವಚ್ಛ ಮಾಡಿಸಿದರೆ ಹಲ್ಲು ಸಡಿಲವಾಗಿ ಸಂದು ಬೀಳುತ್ತದೆಂದು ನನ್ನ ತಾಯಿ ಇಂದಿಗೂ ನಂಬಿದ್ದಾರೆ. ಆ ಸಂದು ಅಷ್ಟು ವರ್ಷ ಕಿಟ್ಟ ಕೂತಿದ್ದ ಜಾಗವೆಂದು ಹೇಳಿ ಸೋತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಜಗಳೂರು ತಾಲ್ಲೂಕಿನಲ್ಲಿ. ಅಲ್ಲಿನ ಕೊಳವೆಬಾವಿಯ ನೀರಿನ ಫ್ಲೋರೈಡು ನನ್ನ ವಯಸ್ಸಿನ ಅನೇಕರ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ ಎಳೆದಿದೆ. ಇದು ಹೊರಗಿನಿಂದ ಹತ್ತಿದ ಕಲೆಯಲ್ಲ, ಬಾಲ್ಯದಲ್ಲಿ ಹಲ್ಲಿನ ಕವಚ ರೂಪುಗೊಳ್ಳುವಾಗಲೇ ಆದ ಕೊರತೆ. ಆದ್ದರಿಂದ ಉಜ್ಜಿದರೆ, ಸ್ವಚ್ಛ ಮಾಡಿಸಿದರೆ ಹೋಗುವುದಿಲ್ಲ. ಇದಕ್ಕಾಗಿ ವಿಚಾರಿಸಿದ ಕ್ಲಿನಿಕ್ಕೊಂದರಲ್ಲಿ ಮುಂದಿನ ಆರು ಹಲ್ಲುಗಳನ್ನು ಅರೆದು ಸೆರಾಮಿಕ್ ಕ್ಯಾಪು ಹಾಕುವುದೊಂದೇ ದಾರಿ ಎಂದರು. ಕಾಲೇಜಿನಲ್ಲಿ ಮಾತ್ರ, ಆಮ್ಲ ಬೆರೆಸಿದ ಲೇಪದಿಂದ ಮೇಲಿನ ತೆಳುಪದರವನ್ನಷ್ಟೇ ತಿಕ್ಕಿ, ಉಳಿದ ಗುಳಿಗಳಿಗೆ ಹಲ್ಲಿನ ಬಣ್ಣದ ಲೇಪ ತುಂಬಬಹುದೆಂದರು. ಎರಡನೆಯದನ್ನು ಆರಿಸಿಕೊಂಡೆ. ಗೆರೆ ಪೂರ್ತಿ ಹೋಗಿಲ್ಲ, ಮಸುಕಾಗಿದೆ. ಹಲ್ಲು ನನ್ನದೇ ಉಳಿದಿದೆ.

ಮಗಳ ವಿಷಯದಲ್ಲಿ ಕಾಲೇಜಿನ ಮಕ್ಕಳ ವಿಭಾಗಕ್ಕೆ ಸರಿಸಾಟಿಯಾದುದನ್ನು ನಾನು ಊರಿನಲ್ಲಿ ಕಂಡಿಲ್ಲ. ಆರು ವರ್ಷಕ್ಕೆ ಬರುವ ಮೊದಲ ದವಡೆಹಲ್ಲು ಯಾವ ಹಾಲುಹಲ್ಲೂ ಬೀಳದೆ ಹಿಂದುಗಡೆ ಸದ್ದಿಲ್ಲದೆ ಹುಟ್ಟುವುದರಿಂದ, ಅದೂ ಬೀಳುವ ಹಲ್ಲೆಂದೇ ನಾವು ತಿಳಿದಿದ್ದೆವು. ಅದು ಜೀವಮಾನದ ಹಲ್ಲು. ಅದರ ಮೇಲಿನ ಆಳವಾದ ಗೀರುಗಳನ್ನು ಒಣಗಿಸಿ, ದ್ರವರೂಪದ ಲೇಪ ಹಾಕಿ, ನೀಲಿ ಬೆಳಕಿನಿಂದ ಗಟ್ಟಿ ಮಾಡಿದರು. ಸೂಜಿ ಇಲ್ಲ, ಕೊರೆಯುವುದಿಲ್ಲ. ಅದಕ್ಕೂ ಮೊದಲು ಮಗುವಿನ ಕೈಗೆ ಕನ್ನಡಿ ಕೊಟ್ಟು, ಗಾಳಿ ಬಿಡುವ ನಳಿಕೆಯನ್ನು ಅಂಗೈಗೆ ಹಿಡಿದು ತೋರಿಸಿದರು. ಅವಳು ಅಳಲಿಲ್ಲ.

ಸಕ್ಕರೆ ಕಾಯಿಲೆಯಿರುವ ತಾಯಿಯ ಅಲುಗಾಡುತ್ತಿದ್ದ ಐದು ಹಲ್ಲುಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಕೀಳಿಸಿದೆವು. ಮೊದಲ ದಿನ ಸಕ್ಕರೆ ಹೆಚ್ಚಿದ್ದುದರಿಂದ ಕೀಳಲಿಲ್ಲ. ಅದೇ ಕಟ್ಟಡದ ಫಿಜಿಷಿಯನ್‌ಗೆ ತೋರಿಸಿ, ಮಾತ್ರೆ ಬದಲಿಸಿಕೊಂಡು, ಎರಡು ವಾರ ಬಿಟ್ಟು ಹೋದೆವು. ವಯಸ್ಸಾದವರ ಹಲ್ಲು ಕೀಳಿಸಲು ನಾನು ಈ ದಾರಿಯನ್ನೇ ಹೇಳುತ್ತೇನೆ, ಖರ್ಚು ನಾಮಮಾತ್ರ ಎಂಬುದು ಎರಡನೆಯ ಕಾರಣ. ಹಲ್ಲಿನ ಸೆಟ್ಟನ್ನು ಕಾಲೇಜಿನಲ್ಲಿ ಮಾಡಿಸಿದೆವು: ಅಚ್ಚು ತೆಗೆಯಲು ಎರಡು ಸಲ, ಕಚ್ಚುವ ಅಳತೆಗೆ ಒಂದು ಸಲ, ಮೇಣದ ಮೇಲೆ ಹಲ್ಲು ಕೂರಿಸಿ ನೋಡಲು ಒಂದು ಸಲ, ಕೊಡಲು ಒಂದು ಸಲ. ಐದು ದಿನ ಅವರನ್ನು ಆಟೋದಲ್ಲಿ ಕರೆದೊಯ್ದು ತಂದದ್ದು ಸಣ್ಣ ಮಾತಲ್ಲ. ರೊಟ್ಟಿ ತಿನ್ನುತ್ತಿದ್ದಾರೆ.

ಈಗ ಉಳಿದಿರುವುದು ನನ್ನ ಕೆಳಗಿನ ಬುದ್ಧಿಹಲ್ಲು. ಅಡ್ಡ ಮಲಗಿದೆ, ಬೇರು ತುಟಿಗೆ ಸ್ಪರ್ಶಜ್ಞಾನ ಕೊಡುವ ನರಕ್ಕೆ ಹತ್ತಿರವಿದೆ ಎಂದು ಪೂರ್ತಿ ದವಡೆಯ ಎಕ್ಸ್‌ರೇ ಹೇಳುತ್ತದೆ. ಸಂಜೆ ಕ್ಲಿನಿಕ್ಕಿಗೆ ಹೊರಗಿನಿಂದ ಶಸ್ತ್ರಚಿಕಿತ್ಸಕರನ್ನು ಕರೆಸಿ ಒಂದೇ ದಿನದಲ್ಲಿ ತೆಗೆಸುತ್ತೇವೆಂದಿದ್ದಾರೆ. ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಬಿದ್ದ ಮೇಲೆ ಕಾಲೇಜಿಗೇ ಹೋಗುವುದೆಂದು ಎಕ್ಸ್‌ರೇಯನ್ನು ಬೀರುವಿನಲ್ಲಿಟ್ಟಿದ್ದೇನೆ.